ಮಿನಮಾಟದ ಬೆಕ್ಕುಗಳು ಮತ್ತು ನಮ್ಮ ಅಂಗಳದ ಪ್ರಾಣಿಗಳು

(ಪಶುವೈದ್ಯರು, ಆರೋಗ್ಯ ಕಾರ್ಯಕರ್ತೆಯರು ಹಾಗೂ ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

1954ರ ಆಗಸ್ಟ್ 1ರಂದು ಜಪಾನಿನ ಕುಮಮೊಟೊ ಪ್ರಾಂತ್ಯದ ಪತ್ರಿಕೆಯೊಂದರಲ್ಲಿ ಸಣ್ಣದೊಂದು ಸುದ್ದಿ ಪ್ರಕಟವಾಯಿತು. ಮಿನಮಾಟದ ಮೋದೊ ಎಂಬ ಮೀನುಗಾರರ ಕೇರಿಯಲ್ಲಿ ಬೆಕ್ಕುಗಳು ಹುಚ್ಚು ಹಿಡಿದಂತಾಗಿ ಒಂದೊಂದೇ ಸತ್ತು ಹೆಚ್ಚುಕಡಿಮೆ ಇಲ್ಲವಾಗಿವೆ, ಹಾಗಾಗಿ ಇಲಿಗಳ ಕಾಟ ಮಿತಿಮೀರಿದೆ, ಇಲಿಗಳನ್ನು ನಿವಾರಿಸಿಕೊಡಬೇಕೆಂದು ಕೇರಿಯವರು ನಗರಾಡಳಿತವನ್ನು ಕೇಳಿಕೊಂಡಿದ್ದಾರೆ ಎಂಬುದು ಆ ಸುದ್ದಿಯ ಸಾರ. ಮೀನುಗಾರರ ಮನೆಯಲ್ಲಿ ಬೆಕ್ಕು ಇರುವುದು ಬರಿಯ ಅಕ್ಕರೆಗಲ್ಲ. ಬಲೆಯನ್ನು ಇಲಿ ಕಡಿದರೆ ಮರುದಿನದ ದುಡಿಮೆ ಹೋಯಿತು. ಆದ್ದರಿಂದ ಅವರ ಕಣ್ಣಿಗೆ ಇಲಿಯ ಸಮಸ್ಯೆಯೇ ದೊಡ್ಡದಾಗಿ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ನಾವು ಆ ಸುದ್ದಿಯನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಒಂದೇ ಕೇರಿ, ಒಂದೇ ಜಾತಿಯ ಪ್ರಾಣಿ, ಒಂದೇ ಬಗೆಯ ನರಗಳ ಕಾಯಿಲೆ, ಎಲ್ಲಕ್ಕೂ ಒಂದೇ ಆಹಾರ. ಒಬ್ಬ ವೈದ್ಯ ತನಿಖೆ ಆರಂಭಿಸಲು ಬೇಕಾದ ಮಾಹಿತಿಯೆಲ್ಲ ಆ ಕೆಲವು ಸಾಲುಗಳಲ್ಲಿ ಅಚ್ಚಾಗಿತ್ತು. ಅದೇ ಕಾಯಿಲೆ ಮನುಷ್ಯರಲ್ಲೂ ಇದೆಯೆಂದು ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು, ಅಂದರೆ 21 ತಿಂಗಳ ನಂತರ. ಈ 21 ತಿಂಗಳುಗಳ ಬಗ್ಗೆಯೇ ನಾನು ಇಂದು ಮಾತನಾಡಬೇಕೆಂದಿರುವುದು. ಪ್ರಾಣಿಗಳು ಸೂಚನೆ ಕೊಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕು ಬಹಳ ಕಾಲವಾಯಿತು. ಆ ಸೂಚನೆಯನ್ನು ಬರೆದಿಟ್ಟುಕೊಂಡು ಮುಂದಕ್ಕೆ ಕಳುಹಿಸುವುದು ಯಾರ ಕೆಲಸ ಎಂಬ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಉಳಿದಿದೆ.

ಮಿನಮಾಟದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಎಂಬ ಕೈಗಾರಿಕಾ ರಾಸಾಯನಿಕವನ್ನು ತಯಾರಿಸುತ್ತಿತ್ತು. ಈ ಕ್ರಿಯೆಗೆ ಪಾದರಸದ ಲವಣವನ್ನು ವೇಗವರ್ಧಕವಾಗಿ ಬಳಸುತ್ತಿದ್ದರು. ಅದರ ಒಂದು ಚಿಕ್ಕ ಪಾಲು ಕ್ರಿಯೆಯ ನಡುವೆಯೇ ಮೀಥೈಲ್ ಪಾದರಸವೆಂಬ ನರಗಳ ವಿಷವಾಗಿ ಮಾರ್ಪಟ್ಟು ತ್ಯಾಜ್ಯ ನೀರಿನೊಂದಿಗೆ ಕೊಲ್ಲಿಯನ್ನು ಸೇರುತ್ತಿತ್ತು. ನೀರಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ಆದರೆ ನೀರಿನ ಸೂಕ್ಷ್ಮಜೀವಿಗಳಿಂದ ಚಿಪ್ಪುಜೀವಿಗಳಿಗೆ ಮತ್ತು ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತ ಅದು ಪ್ರತಿ ಹಂತದಲ್ಲೂ ಸಾಂದ್ರಗೊಳ್ಳುತ್ತದೆ. ಮೀನನ್ನು ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ, ಏಕೆಂದರೆ ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ತಿಂದವರ ದೇಹದಲ್ಲಿ ಅದು ರಕ್ತದಿಂದ ಮೆದುಳಿಗೆ ದಾಟುತ್ತದೆ. ಗರ್ಭಿಣಿಯಾಗಿದ್ದರೆ ಮಾಸನ್ನೂ (ಪ್ಲಾಸೆಂಟಾ) ದಾಟಿ ಮಗುವನ್ನು ಸೇರುತ್ತದೆ.

ಬೆಕ್ಕುಗಳಲ್ಲಿ ಕಂಡ ಲಕ್ಷಣಗಳನ್ನು ಅಲ್ಲಿಯ ಜನ ನೃತ್ಯಕ್ಕೆ ಹೋಲಿಸಿದ್ದರು. ನಡಿಗೆ ತೂರಾಡುವುದು, ಹಿಂಗಾಲುಗಳು ಸೋಲುವುದು, ಜೊಲ್ಲು ಸುರಿಯುವುದು, ಇದ್ದಕ್ಕಿದ್ದಂತೆ ಸುತ್ತುತ್ತ ಓಡಿ ಗೋಡೆಗೆ ಡಿಕ್ಕಿ ಹೊಡೆಯುವುದು, ಕೆಲವು ಸಮುದ್ರಕ್ಕೇ ಬೀಳುವುದು. ಬೆಕ್ಕುಗಳಿಗೆ ಆತ್ಮಹತ್ಯೆಯ ಹುಚ್ಚು ಹಿಡಿದಿದೆ ಎಂಬ ಮಾತೂ ಹಬ್ಬಿತ್ತು. ನಿಜದಲ್ಲಿ ಅದು ಕಿರುಮೆದುಳು ಮತ್ತು ದೃಷ್ಟಿಗೆ ಸಂಬಂಧಿಸಿದ ಮೆದುಳಿನ ಭಾಗಗಳಿಗೆ ಬಿದ್ದ ಪೆಟ್ಟು: ದೇಹದ ಸಮತೋಲ ಹೋಗಿದೆ, ಕಣ್ಣು ಮಂಜಾಗಿದೆ, ದಿಕ್ಕು ತಪ್ಪಿದ ಪ್ರಾಣಿ ನೀರಿಗೆ ಬೀಳುತ್ತಿದೆ. 1956ರ ಏಪ್ರಿಲಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು, ಅವಳ ಬೆನ್ನಿಗೇ ಅವಳ ತಂಗಿಯನ್ನು ಕಾರ್ಖಾನೆಯ ಆಸ್ಪತ್ರೆಗೆ ಕರೆತಂದಾಗ ಆ ಮಕ್ಕಳಿಗೂ ನಡೆಯಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಆಸ್ಪತ್ರೆಯ ಮುಖ್ಯಸ್ಥ ಡಾ. ಹಜಿಮೆ ಹೊಸೊಕಾವ ಅವರು ನರಮಂಡಲದ ಅಪರಿಚಿತ ಕಾಯಿಲೆಯೊಂದು ಹರಡಿದೆ ಎಂದು ಆರೋಗ್ಯ ಕೇಂದ್ರಕ್ಕೆ ವರದಿ ಮಾಡಿದರು. ಅದೇ ಮೇ 1ರ ವರದಿ.

ಆಮೇಲೆ ಬೆಕ್ಕುಗಳನ್ನು ಯಾರೂ ಕಡೆಗಣಿಸಲಿಲ್ಲ ಎಂಬುದನ್ನೂ ಹೇಳಬೇಕು. 1957ರಲ್ಲಿ ಮಿನಮಾಟದ ಆರೋಗ್ಯ ಕೇಂದ್ರದ ಮುಖ್ಯಸ್ಥರು ಕೊಲ್ಲಿಯ ಮೀನನ್ನು ಆರೋಗ್ಯವಂತ ಬೆಕ್ಕುಗಳಿಗೆ ತಿನ್ನಿಸಿ ನೋಡಿದರು. ಅವುಗಳಿಗೂ ಅದೇ ಕಾಯಿಲೆ ಬಂತು. ಮೀನಿನಿಂದಲೇ ಕಾಯಿಲೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ. ಆಹಾರ ನೈರ್ಮಲ್ಯ ಕಾನೂನಿನಡಿ ಕೊಲ್ಲಿಯ ಮೀನಿಗೆ ನಿಷೇಧ ಹೇರಬಹುದೇ ಎಂದು ಪ್ರಾಂತ್ಯದ ಆಡಳಿತ ಕೇಂದ್ರದ ಆರೋಗ್ಯ ಸಚಿವಾಲಯವನ್ನು ಕೇಳಿತು. ಕೊಲ್ಲಿಯ ಎಲ್ಲ ಮೀನು ಮತ್ತು ಚಿಪ್ಪುಜೀವಿಗಳೂ ವಿಷಪೂರಿತವಾಗಿವೆ ಎಂಬುದಕ್ಕೆ ಸ್ಪಷ್ಟ ಆಧಾರವಿಲ್ಲ, ಆದ್ದರಿಂದ ಕಾನೂನನ್ನು ಅನ್ವಯಿಸಲಾಗದು ಎಂಬ ಉತ್ತರ ಬಂತು. ಒಂದೊಂದು ಮೀನನ್ನೂ ತಪಾಸಣೆ ಮಾಡಿ ತೋರಿಸುವ ತನಕ ಕಾಯಬೇಕೆಂಬ ಈ ತರ್ಕ ಆ ದೇಶಕ್ಕೆ, ಆ ಕಾಲಕ್ಕೆ ಸೀಮಿತವಾದದ್ದಲ್ಲ. ಪರಿಸರ ಮಾಲಿನ್ಯದ ಯಾವ ದೂರಿನ ಕಡತ ತೆರೆದರೂ ಇದೇ ತರ್ಕ ಬೇರೆ ಬೇರೆ ಮಾತುಗಳಲ್ಲಿ ಕಾಣಿಸುತ್ತದೆ.

ಇನ್ನೂ ನೋವಿನ ಸಂಗತಿ 400ನೇ ಸಂಖ್ಯೆಯ ಬೆಕ್ಕಿನದು. ಕಾರ್ಖಾನೆಯ ನೌಕರರೇ ಆಗಿದ್ದ ಹೊಸೊಕಾವ ಅವರು ತಮ್ಮ ಆಸ್ಪತ್ರೆಯಲ್ಲಿ ಬೆಕ್ಕುಗಳ ಮೇಲೆ ಸರಣಿ ಪ್ರಯೋಗಗಳನ್ನು ನಡೆಸುತ್ತಿದ್ದರು, ಪ್ರತಿ ಬೆಕ್ಕಿಗೂ ಒಂದು ಸಂಖ್ಯೆ ಕೊಟ್ಟಿದ್ದರು. 1959ರ ಜುಲೈ 21ರಿಂದ 400ನೇ ಬೆಕ್ಕಿನ ಆಹಾರದ ಮೇಲೆ ಅಸಿಟಾಲ್ಡಿಹೈಡ್ ವಿಭಾಗದ ತ್ಯಾಜ್ಯ ನೀರನ್ನೇ ಸುರಿದು ಕೊಡಲಾಯಿತು. ಮೀನಿಲ್ಲ, ಕೊಲ್ಲಿಯಿಲ್ಲ, ನಡುವೆ ಬೇರೇನೂ ಇಲ್ಲ. ಕಾರ್ಖಾನೆಯ ಕೊಳವೆಯಿಂದ ನೇರವಾಗಿ ತಟ್ಟೆಗೆ. ಅಕ್ಟೋಬರ್ 6ರಂದು ಆ ಬೆಕ್ಕು ನಡುಗಿತು, ಕುಸಿಯಿತು, ಕೋಣೆಯಲ್ಲಿ ಸುತ್ತುತ್ತ ಗೋಡೆಗೆ ಬಡಿಯಿತು. ಹೊಸೊಕಾವ ಅವರು ಆಡಳಿತಕ್ಕೆ ವಿಷಯ ತಿಳಿಸಿದರು. ಪ್ರಯೋಗವನ್ನು ಮುಂದುವರಿಸಬಾರದೆಂದು ಆಜ್ಞೆಯಾಯಿತು, ಫಲಿತಾಂಶ ಹೊರಗೆ ಬರಲಿಲ್ಲ. ಕಂಪನಿ ಅಸಿಟಾಲ್ಡಿಹೈಡ್ ತಯಾರಿಕೆಯನ್ನು ನಿಲ್ಲಿಸಿದ್ದು 1968ರ ಮೇ ತಿಂಗಳಲ್ಲಿ. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಆ ಬೆಕ್ಕು ಕುಸಿದ ಮೇಲೂ ಎಂಟೂವರೆ ವರ್ಷ ವಿಷ ಹರಿಯಿತು. 1970ರಲ್ಲಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಹೊಸೊಕಾವ ಅವರು ಆಸ್ಪತ್ರೆಯ ಮಂಚದಿಂದಲೇ ಈ ಪ್ರಯೋಗದ ಬಗ್ಗೆ ಸಾಕ್ಷ್ಯ ನುಡಿದರು. 1973ರ ಮಾರ್ಚಿನಲ್ಲಿ ಕುಮಮೊಟೊ ಜಿಲ್ಲಾ ನ್ಯಾಯಾಲಯ ಕಂಪನಿಯ ನಿರ್ಲಕ್ಷ್ಯವನ್ನು ಎತ್ತಿಹಿಡಿದು ರೋಗಿಗಳ ಪರವಾಗಿ ತೀರ್ಪು ಕೊಟ್ಟಿತು. ಪಾದರಸದ ಬಳಕೆಯನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಇಂದು ಮಿನಮಾಟದ ಹೆಸರಿದೆ. 2017ರಲ್ಲಿ ಅದು ಜಾರಿಗೆ ಬಂತು, ಮರುವರ್ಷ ಭಾರತವೂ ಅದನ್ನು ಅನುಮೋದಿಸಿತು.

ಮನುಷ್ಯರಿಗಿಂತ ಮೊದಲು ಬೆಕ್ಕಿಗೇ ಏಕೆ ಕಾಯಿಲೆ ಬಂತು ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಅರುವತ್ತು ಕಿಲೊ ತೂಕದ ವ್ಯಕ್ತಿ ದಿನಕ್ಕೆ 300 ಗ್ರಾಂ ಮೀನು ತಿಂದರೆ ದೇಹತೂಕದ ಪ್ರತಿ ಕಿಲೊಗೆ 5 ಗ್ರಾಂ ಆಯಿತು. ಮೂರು ಕಿಲೊ ತೂಕದ ಬೆಕ್ಕು 150 ಗ್ರಾಂ ತಿಂದರೆ ಪ್ರತಿ ಕಿಲೊಗೆ 50 ಗ್ರಾಂ. ಹತ್ತು ಪಟ್ಟು ವ್ಯತ್ಯಾಸ. ಅದರ ಮೇಲೆ, ಮನುಷ್ಯರ ಊಟದಲ್ಲಿ ಅನ್ನವಿದೆ, ತರಕಾರಿಯಿದೆ, ಒಂದು ದಿನ ಮೀನಿಲ್ಲದಿದ್ದರೂ ನಡೆಯುತ್ತದೆ. ಮೀನುಗಾರರ ಕೇರಿಯ ಬೆಕ್ಕಿಗೆ ಮೀನಿನ ತಲೆ, ಕರುಳು, ಉಳಿದದ್ದು, ಬಿದ್ದದ್ದು ಇವೇ ದಿನವೂ ಆಹಾರ. ಮಲ್ಪೆ, ಹೊನ್ನಾವರ, ಕಾರವಾರದ ಮೀನಿನ ಧಕ್ಕೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಹಾರದಂತೆಯೇ ದೂಳಿನ ಲೆಕ್ಕವೂ ಇದೆ. ಬೆಕ್ಕು ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ತನ್ನ ಮೈ ನೆಕ್ಕಿಕೊಳ್ಳುವುದರಲ್ಲಿ ಕಳೆಯುತ್ತದೆ, ಅಂದರೆ ಮನೆಯ ದೂಳು ಅದರ ರೋಮದ ಮೂಲಕ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ನಾಯಿ ಮೂಗನ್ನು ನೆಲಕ್ಕೆ ಹಚ್ಚಿಯೇ ಲೋಕವನ್ನು ಅರಿಯುತ್ತದೆ. ನಮ್ಮ ಮನೆಗಳಲ್ಲಿ ಇವುಗಳಂತೆ ನೆಲದ ಮಟ್ಟದಲ್ಲಿ ಬದುಕುವ ಇನ್ನೊಂದು ಜೀವವಿದೆ: ಅಂಬೆಗಾಲಿಡುವ ಮಗು. ನೆಲ ಮುಟ್ಟಿದ ಕೈಯನ್ನು ಬಾಯಿಗಿಡುವುದು ಅದರ ಸಹಜ ಸ್ವಭಾವ. ಆದ್ದರಿಂದ ಸೀಸದಂಥ ವಿಷದ ವಿಷಯದಲ್ಲಿ ನಾಯಿಯ ರಕ್ತ ಮತ್ತು ಮಗುವಿನ ರಕ್ತ ಒಂದೇ ಕಥೆಯನ್ನು ಹೇಳುವ ಸಂಭವ ಹೆಚ್ಚು.

ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಶೆಡ್ಡಿನ ಪಕ್ಕದ ಮನೆಯ ನಾಯಿಯೊಂದು ಪಶು ಆಸ್ಪತ್ರೆಗೆ ಬಂದಿದೆ ಎಂದಿಟ್ಟುಕೊಳ್ಳಿ. ವಾಂತಿ, ಊಟ ಬಿಟ್ಟಿದೆ, ಹೊಟ್ಟೆ ಮುಟ್ಟಿದರೆ ನರಳುತ್ತದೆ, ನಿನ್ನೆ ರಾತ್ರಿ ಒಂದು ಸಲ ಫಿಟ್ಸ್ ಬಂದಿತ್ತು. ಇವುಗಳಲ್ಲಿ ಯಾವುದೂ ಸೀಸಕ್ಕೇ ಮೀಸಲಾದ ಲಕ್ಷಣವಲ್ಲ. ಆದರೆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ರಕ್ತಹೀನತೆ ಅಷ್ಟೇನೂ ಇಲ್ಲದಿದ್ದರೂ ಮಜ್ಜೆಯಲ್ಲೇ ಇರಬೇಕಿದ್ದ, ಕೋಶಕೇಂದ್ರವುಳ್ಳ ಎಳೆಯ ಕೆಂಪು ಕಣಗಳು ರಕ್ತದಲ್ಲಿ ಅಡ್ಡಾಡುತ್ತಿದ್ದರೆ, ಕೆಲವು ಕಣಗಳ ಒಳಗೆ ನೀಲಿ ಚುಕ್ಕೆಗಳು ಕಂಡರೆ, ವೈದ್ಯರ ಮನಸ್ಸಿನಲ್ಲಿ ಸೀಸದ ಅನುಮಾನ ಏಳಲೇಬೇಕು. ರಕ್ತದಲ್ಲಿನ ಸೀಸದ ಪ್ರಮಾಣವನ್ನು ಅಳೆಸಿ ಅದು ಖಚಿತವಾದರೆ ನಾಯಿಗೆ ಚಿಕಿತ್ಸೆ ಇದೆ. ಆದರೆ ಚಿಕಿತ್ಸೆಯ ಚೀಟಿ ಬರೆಯುವುದರೊಂದಿಗೆ ಆ ವೈದ್ಯರ ಕೆಲಸ ಮುಗಿಯಿತೇ? ಮನೆಯಲ್ಲಿ ಮಕ್ಕಳಿದ್ದಾರೆಯೇ, ಅವರ ವಯಸ್ಸೆಷ್ಟು, ಅವರು ಎಲ್ಲಿ ಆಡುತ್ತಾರೆ, ಶೆಡ್ಡಿನಲ್ಲಿ ದುಡಿಯುವವರು ಅದೇ ಬಟ್ಟೆಯಲ್ಲಿ ಮನೆಗೆ ಬರುತ್ತಾರೆಯೇ ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು. ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೊಗ್ರಾಂ ಸೀಸವಿದ್ದರೂ ಅದರ ಮೂಲವನ್ನು ಹುಡುಕಿ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸುರಕ್ಷಿತವೆನ್ನಬಹುದಾದ ಕನಿಷ್ಠ ಮಟ್ಟವೇ ತಿಳಿದಿಲ್ಲ ಎಂದೂ ಹೇಳುತ್ತದೆ. ಆ ಮಟ್ಟದಲ್ಲಿ ಮಗುವಿಗೆ ವಾಂತಿಯಿಲ್ಲ, ಫಿಟ್ಸ್ ಇಲ್ಲ, ಹೊರನೋಟಕ್ಕೆ ಯಾವ ತೊಂದರೆಯೂ ಇಲ್ಲ. ಮೆದುಳಿನ ಬೆಳವಣಿಗೆ ಮಾತ್ರ ಸದ್ದಿಲ್ಲದೆ ಕುಂಠಿತವಾಗುತ್ತಿರುತ್ತದೆ. ನಾಯಿಗೆ ಕಾಯಿಲೆ ಬಿದ್ದದ್ದರಿಂದ ಆ ಮನೆಗೆ ಒಂದು ಅವಕಾಶ ಸಿಕ್ಕಿದೆ. ಅದನ್ನು ಕೈಬಿಡುವುದು ನನ್ನ ದೃಷ್ಟಿಯಲ್ಲಿ ವೃತ್ತಿಧರ್ಮದ ಲೋಪ.

ಎಲ್ಲ ಸೂಚನೆಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆಯನ್ನು ನ್ಯೂಯಾರ್ಕಿನ ವೈದ್ಯರು ಮೊದಲು ವರದಿ ಮಾಡಿದ್ದು 1979ರಲ್ಲಿ. ಆಮೇಲೆ ಅದು ಅಮೆರಿಕದಲ್ಲಿ ಸಾಮಾನ್ಯವೆನಿಸುವಷ್ಟು ಹೆಚ್ಚಿತು. ಸೋಫಾ, ಹಾಸಿಗೆ, ಟಿವಿಗಳಿಗೆ ಬೇಗ ಬೆಂಕಿ ಹತ್ತದಂತೆ ಸೇರಿಸುತ್ತಿದ್ದ ಬ್ರೋಮಿನ್‌ಯುಕ್ತ ರಾಸಾಯನಿಕಗಳು ಬಳಕೆಗೆ ಬಂದದ್ದೂ ಸುಮಾರಾಗಿ ಅದೇ ಕಾಲದಲ್ಲಿ, ಮತ್ತು ಅವುಗಳ ರಚನೆ ಥೈರಾಯ್ಡ್ ಹಾರ್ಮೋನನ್ನು ಹೋಲುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಬೆಕ್ಕುಗಳ ರಕ್ತ ಪರೀಕ್ಷಿಸಿದಾಗ ಈ ರಾಸಾಯನಿಕಗಳ ಮಟ್ಟ ಅಲ್ಲಿಯ ವಯಸ್ಕರಲ್ಲಿನ ಮಧ್ಯಮ ಮಟ್ಟಕ್ಕಿಂತ 20ರಿಂದ 100 ಪಟ್ಟು ಹೆಚ್ಚಿತ್ತು. ಇವುಗಳಿಂದಲೇ ಆ ಕಾಯಿಲೆ ಬರುತ್ತದೆ ಎಂದು ಇದು ಸಾಬೀತು ಮಾಡುವುದಿಲ್ಲ. ಡಬ್ಬಿಯ ಆಹಾರ, ವಯಸ್ಸು ಮುಂತಾದ ಬೇರೆ ಕಾರಣಗಳೂ ಇರಬಹುದು. ಆದರೆ ಬಾಗಿಲು ಮುಚ್ಚಿದ ಮನೆಯೊಳಗಿನ ದೂಳಿನಲ್ಲಿ ಏನಿದೆ ಎಂಬುದನ್ನು ಬೆಕ್ಕಿನ ರಕ್ತ ತೋರಿಸಿತು. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು, ಮತ್ತು ಇಷ್ಟೇ ಸಾಕಷ್ಟು ದೊಡ್ಡ ವಿಷಯ.

ಆಹಾರದ ಕಲಬೆರಕೆ ಮತ್ತು ಕೆಡುವಿಕೆಯ ಬಗ್ಗೆ ಪ್ರಾಣಿಗಳು ಕೊಟ್ಟ ಎಚ್ಚರಿಕೆಗೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1974ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾನಸವಾಡ ಮತ್ತು ಗುಜರಾತಿನ ಪಂಚಮಹಲ್ ಪ್ರದೇಶದ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಕಾಣಿಸಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಕೆಲವೇ ವಾರಗಳಲ್ಲಿ ಸಾವುಗಳಾದವು. 397 ಮಂದಿ ಕಾಯಿಲೆ ಬಿದ್ದು 106 ಮಂದಿ ಸತ್ತರೆಂದು ದಾಖಲೆ ಹೇಳುತ್ತದೆ. ಸೋಂಕಿನಿಂದ ಬರುವ ಕಾಮಾಲೆ ಇರಬಹುದೆಂದು ಯಾರಿಗಾದರೂ ತೋಚುವುದು ಸಹಜ. ಆದರೆ ಅದೇ ಮನೆಗಳ ನಾಯಿಗಳಿಗೂ ಹೊಟ್ಟೆ ಊದಿ ಸಾಯುವ ಕಾಯಿಲೆ ಬಂದಿತ್ತು. ಮನುಷ್ಯರ ಕಾಮಾಲೆಯ ವೈರಸ್ಸು ನಾಯಿಗೆ ತಗಲುವುದಿಲ್ಲ. ನಾಯಿಗೂ ಮನುಷ್ಯರಿಗೂ ಸಮಾನವಾಗಿದ್ದದ್ದು ರೊಟ್ಟಿ. ಅಕಾಲ ಮಳೆಗೆ ಸಿಕ್ಕಿ, ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿನ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇದಕ್ಕೆ ಕಾರಣವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ತೋರಿಸಿದರು. ಹಾವೇರಿ, ದಾವಣಗೆರೆಯಂಥ ಮೆಕ್ಕೆಜೋಳದ ಜಿಲ್ಲೆಗಳಲ್ಲಿ ಕಟಾವಿನ ವೇಳೆ ಮಳೆ ಹಿಡಿದು ತೆನೆ ಕಪ್ಪಾದಾಗ, ಮಾರಾಟವಾಗದ ಆ ಕಾಳು ಕೋಳಿಗೆ, ದನಕ್ಕೆ ಹೋಗುವುದುಂಟು. ಹಾಲು ಕರೆಯುವ ಹಸು ಅದನ್ನು ತಿಂದರೆ ವಿಷದ ಒಂದಂಶ ಹಾಲಿಗೂ ಇಳಿಯುತ್ತದೆ ಎಂಬುದನ್ನು ರೈತರು ನೆನಪಿನಲ್ಲಿಡಬೇಕು.

ಇನ್ನೊಂದು ಉದಾಹರಣೆ ಹೊರದೇಶದ್ದು. 2007ರ ಮಾರ್ಚಿನಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಒಂದೇ ತಯಾರಕರು 6 ಕೋಟಿಯಷ್ಟು ಆಹಾರದ ಪೊಟ್ಟಣ ಹಾಗೂ ಡಬ್ಬಿಗಳನ್ನು ಮಾರುಕಟ್ಟೆಯಿಂದ ವಾಪಸು ತರಿಸಿಕೊಳ್ಳಬೇಕಾಯಿತು. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ (ಗೋಧಿಯ ಪ್ರೋಟೀನಿಗೆ) ನೈಟ್ರೋಜನ್ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆತಿತ್ತು. ಪ್ರೋಟೀನನ್ನು ನೈಟ್ರೋಜನ್ ಲೆಕ್ಕದಲ್ಲಿ ಅಳೆಯುವ ಪರೀಕ್ಷೆಯನ್ನು ವಂಚಿಸುವುದಕ್ಕೆ ಅದು ಅಗ್ಗದ ದಾರಿ. ಮರುವರ್ಷವೇ, 2008ರಲ್ಲಿ, ಚೀನಾದಲ್ಲಿ ಹಸುಗೂಸುಗಳ ಹಾಲಿನ ಪುಡಿಯಲ್ಲಿ ಅದೇ ಮೆಲಮೈನ್ ಸಿಕ್ಕಿತು. ಸುಮಾರು 3 ಲಕ್ಷ ಕೂಸುಗಳು ಬಾಧಿತವಾದವು, ಆರು ಕೂಸುಗಳು ಸತ್ತವು. ಪರೀಕ್ಷೆಯನ್ನು ಹೇಗೆ ವಂಚಿಸಲಾಗುತ್ತಿದೆ ಎಂಬುದು ಒಂದು ವರ್ಷ ಮೊದಲೇ ಇಡೀ ಜಗತ್ತಿಗೆ ಗೊತ್ತಾಗಿತ್ತು. ಪ್ರಾಣಿಗಳ ಆಹಾರದ ಕಡತ ಬೇರೆ, ಮಕ್ಕಳ ಆಹಾರದ ಕಡತ ಬೇರೆ ಎಂಬಂತೆ ನಡೆದುಕೊಂಡರೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ನನಗೆ ತಿಳಿದಿಲ್ಲ.

ಕನ್ನಡಿಗರಾದ ನಮಗೆ ಅತ್ಯಂತ ಹತ್ತಿರದ ನೆನಪು ಎಂಡೋಸಲ್ಫಾನಿನದು. ಇಂದಿನ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯ ಪಡ್ರೆ ಭಾಗದಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ, 1970ರ ದಶಕದ ಕೊನೆಯ ಹೊತ್ತಿಗೆ, ಕೊಟ್ಟಿಗೆಗಳಲ್ಲಿ ಕಾಲು ಸೊಟ್ಟಗಾದ, ಎದ್ದು ನಿಲ್ಲಲಾಗದ ಕರುಗಳು ಹುಟ್ಟಿದವು. ಅದನ್ನು ಗಮನಿಸಿ ಬರೆದವರು ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ. ಮನುಷ್ಯರ ಅಂಗವೈಕಲ್ಯ, ನರಸಂಬಂಧಿ ಕಾಯಿಲೆಗಳು ಚರ್ಚೆಯ ಕೇಂದ್ರಕ್ಕೆ ಬರುವುದಕ್ಕೆ ವರ್ಷಗಳೇ ಹಿಡಿದವು. ಸಿಂಪಡಣೆ 2000ದವರೆಗೂ ನಡೆಯಿತು, ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ನೀಡಿದ್ದು 2011ರ ಮೇ 13ರಂದು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಯ ಗೇರು ತೋಟಗಳ ಸುತ್ತಲಿನ ಕುಟುಂಬಗಳು ಇಂದಿಗೂ ಅದರ ಭಾರ ಹೊತ್ತು ಬದುಕುತ್ತಿವೆ. ಹಟ್ಟಿಯಲ್ಲಿ ಹುಟ್ಟಿದ ಕೆಲವು ಕರುಗಳು ಏನನ್ನೂ ಸಾಬೀತು ಮಾಡಲಾರವು ಎಂದು ಆಗ ಹೇಳಿದವರಿದ್ದರು. ನಿಜ, ಸಾಬೀತು ಮಾಡಲಾರವು. ಆದರೆ ಎಲ್ಲಿ ಹುಡುಕಬೇಕೆಂದು ಅವು ತೋರಿಸಿದ್ದವು, ಹುಡುಕುವ ಕೆಲಸ ಮನುಷ್ಯರದಾಗಿತ್ತು.

ಇಲ್ಲಿ ಎಚ್ಚರಿಕೆಯ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಪ್ರತಿಯೊಂದು ಪ್ರಾಣಿಯ ಸಾವೂ ಪರಿಸರದ ಸೂಚನೆಯಲ್ಲ. ನಮ್ಮ ದೇಶದಲ್ಲಿ ನಾಯಿಗಾಗಲಿ ಬೆಕ್ಕಿಗಾಗಲಿ ಜೊಲ್ಲು, ತೂರಾಟ, ಸ್ವಭಾವದಲ್ಲಿ ಬದಲಾವಣೆ ಕಂಡರೆ ಮೊದಲು ಯೋಚಿಸಬೇಕಾದದ್ದು ರೇಬಿಸ್ ಬಗ್ಗೆ. ಅಂಥ ಪ್ರಾಣಿಯನ್ನು ಮುಟ್ಟಬಾರದು, ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದರೆ ಆ ಜಾಗವನ್ನು ಸೋಪು ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಯಿಮರಿಗಳ ಫಿಟ್ಸ್‌ಗೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಕಾರಣವಾಗಿರಬಹುದು, ಇಲಿಪಾಷಾಣ ತಿಂದಿರಬಹುದು, ಹಾವು ಕಚ್ಚಿರಬಹುದು. ಜೊತೆಗೆ, ಒಂದು ಪ್ರಾಣಿಗೆ ವಿಷವಾದದ್ದು ಇನ್ನೊಂದಕ್ಕೆ ಅದೇ ಮಟ್ಟದ ವಿಷವಾಗಬೇಕೆಂದೇನೂ ಇಲ್ಲ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲಿನ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು, ಏಕೆಂದರೆ ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಖಾಲಿ ಉರಿದರೆ ಏಳುವ ಹೊಗೆಗೆ ಪಂಜರದ ಲವ್ ಬರ್ಡ್ಸ್ ನಿಮಿಷಗಳಲ್ಲಿ ಸಾಯುತ್ತವೆ, ಮನುಷ್ಯರಿಗೆ ಸಾಮಾನ್ಯವಾಗಿ ಕೆಮ್ಮು, ಜ್ವರದಂಥ ತಾತ್ಕಾಲಿಕ ತೊಂದರೆಯಷ್ಟೇ ಆಗುತ್ತದೆ. ಆದ್ದರಿಂದ ಒಂದು ಸಾವಿನಿಂದ ಗಾಬರಿಯಾಗಬೇಕಿಲ್ಲ. ಕೆಲವೇ ದಿನಗಳಲ್ಲಿ ಹಲವು ಮನೆಗಳ ಪ್ರಾಣಿಗಳಿಗೆ ಒಂದೇ ಬಗೆಯ ತೊಂದರೆಯಾದರೆ, ಅದರಲ್ಲೂ ನಾಯಿ, ಕೋಳಿ, ದನ ಹೀಗೆ ಬೇರೆ ಬೇರೆ ಜಾತಿಯವು ಒಟ್ಟಿಗೆ ಬಿದ್ದರೆ, ಅವೆಲ್ಲಕ್ಕೂ ಒಂದೇ ನೀರು ಅಥವಾ ಒಂದೇ ಆಹಾರ ಇದ್ದರೆ ಆಗ ಸುಮ್ಮನಿರಬಾರದು. 1976ರ ಜುಲೈ 10ರಂದು ಇಟಲಿಯ ಸೆವೆಸೊ ಬಳಿಯ ಕಾರ್ಖಾನೆಯಿಂದ ಡಯಾಕ್ಸಿನ್ ಎಂಬ ವಿಷದ ಮೋಡ ಹೊರಬಿದ್ದಾಗ ಮೊದಲ ಕೆಲವು ದಿನಗಳಲ್ಲಿ ಸತ್ತದ್ದು ಮೊಲ, ಕೋಳಿ, ಬೆಕ್ಕುಗಳು. ಜನರನ್ನು ಸ್ಥಳಾಂತರಿಸಲು ತೊಡಗಿದ್ದು ಎರಡು ವಾರಗಳ ನಂತರ.

ಹಾಗಾದರೆ ನಾವು ಮಾಡಬಹುದಾದದ್ದೇನು? ಇದಕ್ಕೆ ಉತ್ತರವನ್ನು ಹೊರದೇಶದಲ್ಲಿ ಹುಡುಕಬೇಕಾಗಿಲ್ಲ, ಮಲೆನಾಡಿನಲ್ಲೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಮಂಗನ ಕಾಯಿಲೆಯ ವೈರಸ್ಸು ಮತ್ತು ಅದನ್ನು ಹರಡುವ ಉಣುಗಿನ ಪತ್ತೆಯಾಯಿತು. ಅಂದಿನಿಂದ ಮಲೆನಾಡಿನಲ್ಲಿ ಸತ್ತ ಮಂಗವೆಂದರೆ ಒಂದು ಸುದ್ದಿ, ಒಂದು ದಾಖಲೆ. ಊರವರು ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಹೇಳುತ್ತಾರೆ, ಪಶುವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಮಂಗ ಸತ್ತ ಜಾಗದ ಸುತ್ತ ಕೀಟನಾಶಕ ಪುಡಿ ಹಾಕುತ್ತಾರೆ, ಸೊಪ್ಪು ಸೌದೆಗೆ ಆ ಕಡೆ ಹೋಗಬೇಡಿ ಎಂದು ಜನರಿಗೆ ತಿಳಿಸುತ್ತಾರೆ. ಅರಣ್ಯ, ಪಶುಸಂಗೋಪನೆ, ಆರೋಗ್ಯ ಈ ಮೂರೂ ಇಲಾಖೆಗಳು ಒಂದು ಸತ್ತ ಪ್ರಾಣಿಯ ಸುತ್ತ ಕೂಡುತ್ತವೆ. ಈ ವ್ಯವಸ್ಥೆಯಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಪ್ರಾಣಿಯ ಸಾವನ್ನು ಜನರ ಆರೋಗ್ಯದ ಸುದ್ದಿಯಾಗಿ ಓದುವ ರೂಢಿಯನ್ನು ಕರ್ನಾಟಕ ಆರು ದಶಕಗಳಿಗೂ ಹೆಚ್ಚು ಕಾಲದಿಂದ ಉಳಿಸಿಕೊಂಡು ಬಂದಿದೆ. ವೈರಸ್ಸಿಗೆ ಮಾಡುವುದನ್ನು ವಿಷಕ್ಕೂ ಮಾಡಬೇಕೆಂಬುದಷ್ಟೇ ನನ್ನ ಕೋರಿಕೆ.

ಪಶು ಆಸ್ಪತ್ರೆಯ ಹೊರರೋಗಿ ಪುಸ್ತಕದಲ್ಲಿ ಮಾಲೀಕರ ಹೆಸರು, ಊರು, ಪ್ರಾಣಿ, ರೋಗ, ಕೊಟ್ಟ ಔಷಧ ಇಷ್ಟನ್ನು ಬರೆಯುವುದು ವಾಡಿಕೆ. ವಿಷದ ಅನುಮಾನವಿರುವ ಪ್ರಕರಣದಲ್ಲಿ ಕುಡಿಯುವ ನೀರು ಯಾವುದು, ಬೋರ್‌ವೆಲ್ಲೋ ಕೆರೆಯೋ ನಲ್ಲಿಯೋ, ಆಹಾರ ಎಲ್ಲಿಂದ, ನೆರೆಮನೆಯ ಪ್ರಾಣಿಗಳಿಗೂ ಹೀಗಾಗಿದೆಯೇ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂಬ ಸಾಲನ್ನೂ ಸೇರಿಸಿದರೆ ತಿಂಗಳ ಕೊನೆಗೆ ಆ ಪುಸ್ತಕವೇ ತಾಲ್ಲೂಕಿನ ನಕ್ಷೆಯಾಗುತ್ತದೆ. ಮರಣೋತ್ತರ ಪರೀಕ್ಷೆಯ ಮಾದರಿಗಳ ಬಗ್ಗೆಯೂ ಒಂದು ಮಾತು: ವಿಷ ಪತ್ತೆಗೆ ಕಳುಹಿಸುವ ಹೊಟ್ಟೆಯ ಆಹಾರ, ಯಕೃತ್ತು, ಮೂತ್ರಪಿಂಡಗಳನ್ನು ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಹಾಕಬಾರದು. ಬೇರೆ ಬೇರೆ ಸ್ವಚ್ಛ ಡಬ್ಬಿಗಳಲ್ಲಿಟ್ಟು ಐಸಿನಲ್ಲಿ ಕಳುಹಿಸಬೇಕು. ಅಂಗಾಂಶದ ರಚನೆ ನೋಡುವುದಕ್ಕೆ ಮಾತ್ರ ಫಾರ್ಮಲಿನ್. ಪ್ರಾಣಿ ಕುಡಿದ ನೀರಿನ ಮಾದರಿಯನ್ನೂ ಅದೇ ದಿನ ತುಂಬಿಡಬೇಕು, ಏಕೆಂದರೆ ಒಂದು ಮಳೆ ಬಂದರೆ ಸಾಕ್ಷ್ಯವೆಲ್ಲ ಕೊಚ್ಚಿಹೋಗುತ್ತದೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸಿದ್ದೇನೆ.

ಬೀದಿ ನಾಯಿಗಳನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ ಎಂದು ಹಿರಿಯರೊಬ್ಬರು ಕೇಳಿದರು. ಖಂಡಿತ ತೆಗೆದುಕೊಳ್ಳಬೇಕು. 2017ರ ಆಗಸ್ಟಿನಲ್ಲಿ ನವಿ ಮುಂಬಯಿಯ ತಳೋಜ ಕೈಗಾರಿಕಾ ಪ್ರದೇಶದಲ್ಲಿ ಬೀದಿ ನಾಯಿಗಳ ಮೈ ನೀಲಿಯಾಗಿ ಕಂಡಿತು. ಪ್ರಾಣಿದಯಾ ಕಾರ್ಯಕರ್ತರು ಚಿತ್ರ ತೆಗೆದು ದೂರು ಕೊಟ್ಟ ಮೇಲೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬಣ್ಣ ಬಳಸುತ್ತಿದ್ದ ಘಟಕವೊಂದನ್ನು ಮುಚ್ಚಿಸಿತು. ಅಲ್ಲಿಯ ಕಾಸಾಡಿ ನದಿಗೆ ಕಾರ್ಖಾನೆಗಳ ತ್ಯಾಜ್ಯ ಸೇರುತ್ತಿದೆ ಎಂಬ ದೂರು ಅದಕ್ಕೂ ಮೊದಲೇ ಇತ್ತು. ಸಾಕಿದ ನಾಯಿಯ ಬಗ್ಗೆ ಮಾಲೀಕರು ಬೇಗ ಗಮನಿಸುತ್ತಾರೆ. ಬೀದಿ ನಾಯಿಗೆ ಅನ್ನ ಹಾಕುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ, ಅವರು ತಮ್ಮ ರಸ್ತೆಯ ಪ್ರಾಣಿಗಳ ಕಾಯಿಲೆಯನ್ನು ದಿನಾಂಕ ಹಾಕಿ ಬರೆದಿಟ್ಟರೆ ಅದು ಉಪಯುಕ್ತ ದಾಖಲೆಯಾಗುತ್ತದೆ.

ಅನುಮಾನ ಬಂದರೆ ಯಾರಿಗೆ ಬರೆಯಬೇಕು ಎಂಬುದು ಆಶಾ ಕಾರ್ಯಕರ್ತೆಯೊಬ್ಬರ ಪ್ರಶ್ನೆ. ಮೊದಲು ಹತ್ತಿರದ ಪಶುವೈದ್ಯರಿಗೆ ಹೇಳಿ, ಶವವನ್ನು ಹೂಳುವ ಮೊದಲು ಪರೀಕ್ಷೆ ಮಾಡಿಸಿ. ಲಿಖಿತ ದೂರನ್ನು ಗ್ರಾಮ ಪಂಚಾಯಿತಿಯ ಪಿಡಿಒ, ತಾಲ್ಲೂಕು ಆರೋಗ್ಯಾಧಿಕಾರಿ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಈ ಮೂರಕ್ಕೂ ಒಂದೇ ದಿನ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ಯಾವ ಕಾರ್ಖಾನೆ, ಯಾರ ತಪ್ಪು ಎಂದು ಊಹಿಸಿ ಬರೆಯಬೇಡಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಮನೆಗಳಲ್ಲಿ, ಯಾವ ಯಾವ ಪ್ರಾಣಿಗಳು, ಏನು ಲಕ್ಷಣ, ಕುಡಿದದ್ದು ಯಾವ ನೀರು, ತಿಂದದ್ದು ಏನು, ಈಚೆಗೆ ಊರಿನಲ್ಲಿ ಬದಲಾದದ್ದೇನು ಎಂಬುದನ್ನು ಮಾತ್ರ ಬರೆಯಿರಿ. ಮನೆಯಲ್ಲಿ ಮಕ್ಕಳು ಮತ್ತು ಗರ್ಭಿಣಿಯರು ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ, ಮತ್ತು ಪರೀಕ್ಷೆಯ ವರದಿ ಬರುವವರೆಗೆ ಆ ನೀರನ್ನೂ ಆಹಾರವನ್ನೂ ಅವರಿಗೆ ಕೊಡಬೇಡಿ.